ಗೌರಿಯ ಗಿಣ್ಣ

ಈ ಕೆಲಸಕ್ಕೆ ಬರಬೇಕೆಂದಿರುವ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೂವತ್ತೈದು ವರ್ಷ ರೇಸ್ ಕುದುರೆಗಳ ನಡುವೆ ಬದುಕಿದೆ, ಒಂದು ದಿನವೂ ಒಂದರ ಬೆನ್ನೇರಲಿಲ್ಲ. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುವಾಗ ಇವತ್ತಿಗೂ ಯಾರಾದರೂ "ಏನ್ರೀ, ಎಷ್ಟು ಕುದುರಿ ಹತ್ತೀರಿ?" ಎಂದು ಕೇಳುತ್ತಾರೆ. ಹತ್ತಿಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ನಾನು ಮಾಡಿದ್ದು ಕುದುರೆ ಹುಟ್ಟುವ ಜಾಗದ ಕೆಲಸ. ಹೆಣ್ಣು ಕುದುರೆ ಗಬ್ಬವಾಯಿತೇ, ಹೊಟ್ಟೆಯೊಳಗಿನ ಮರಿ ಸರಿಯಾಗಿದೆಯೇ, ಹುಟ್ಟಿದ ಮೇಲೆ ಎದ್ದು ನಿಂತಿತೇ, ಲದ್ದಿ ಹಾಕಿತೇ, ಇಷ್ಟು ನೋಡುವುದು, ಬರೆದಿಡುವುದು. ಓಟ, ಗೆದ್ದ ಕಪ್, ಫೋಟೊ ಎಲ್ಲ ಬೇರೆಯವರ ಪಾಲಿನವು.

ಈಗ ಫೋನಿನಲ್ಲಿ ಕುದುರೆ ಓಡುವುದನ್ನು ನೋಡಿ, ಅಶ್ವವಿಜ್ಞಾನ ಓದುತ್ತೇವೆ ಎಂದು ಫಾರಂ ಹಿಡಿದು ನಮ್ಮ ಮನೆಗೆ ಬರುವವರಿದ್ದಾರೆ. ಯಾವ ಪುಸ್ತಕ ಓದಬೇಕು, ಎಲ್ಲಿ ಕೆಲಸ ಸಿಗುತ್ತದೆ ಎಂದು ಕೇಳುತ್ತಾರೆ. ಅದನ್ನು ಬಾಯಲ್ಲೇ ಹೇಳಿ ಕಳಿಸುತ್ತೇನೆ. ಆದರೆ ಬಾಯಲ್ಲಿ ಹೇಳಲು ನಾಚಿಕೆಯಾಗುವ ಒಂದು ಸಂಗತಿ ಉಳಿದುಬಿಟ್ಟಿದೆ. ಅದಕ್ಕಾಗಿಯೇ ಈ ಬರಹ.

ನಾವು ಪಾಮನಕಲ್ಲೂರಿನವರು, ಕುರಿ ಕಾಯುವ ಮನೆತನ. ಅಪ್ಪ ತೀರಿಕೊಂಡಾಗ ನಾನು ಎರಡನೇ ತರಗತಿ, ನಮ್ಮಣ್ಣ ನಿಂಗಪ್ಪ ನಾಲ್ಕನೇ ತರಗತಿ. ಇಬ್ಬರಲ್ಲಿ ಒಬ್ಬ ಹಿಂಡಿನ ಹಿಂದೆ ಹೋಗಲೇಬೇಕಿತ್ತು. ಅಣ್ಣ ತನ್ನ ಪಾಟಿಯನ್ನು ನನ್ನ ಕೈಗೆ ಕೊಟ್ಟು ಬಡಿಗೆ ಹಿಡಿದ. "ನೀ ಓದಲೇ ಮಲ್ಲ್ಯಾ. ನಿನಗ ಬಿಸಲು ತಡ್ಯಂಗಿಲ್ಲ" ಎಂದು ನಗುತ್ತಲೇ ಅಂದಿದ್ದ. ಬಿಸಿಲು ತಡೆಯದಿದ್ದವನು ನಾನಲ್ಲ, ಅವನೇ. ಬೇಸಿಗೆಯಲ್ಲಿ ಅವನ ಮೂಗಿನಲ್ಲಿ ರಕ್ತ ಬರುತ್ತಿತ್ತು. ಅದು ನನಗೂ ಗೊತ್ತಿತ್ತು, ಆದರೂ ಪಾಟಿ ಇಸಿದುಕೊಂಡೆ.

ಅಣ್ಣನ ಕೈಗುಣ ದೊಡ್ಡದು. ಈಯಲಾರದೆ ಒದ್ದಾಡುವ ಕುರಿ ಇದ್ದರೆ ಸುತ್ತಲಿನ ಹಳ್ಳಿಗಳಿಂದ ಅವನನ್ನೇ ಕರೆಯಲು ಬರುತ್ತಿದ್ದರು. ಒಳಗೆ ಎರಡು ಬೆರಳು ಹಾಕಿದನೆಂದರೆ ಕಾಲು ಯಾವುದು, ತಲೆ ಯಾವುದು ಎಂದು ಹೇಳಿಬಿಡುತ್ತಿದ್ದ. ಮರಿ ಹೊರಗೆ ಬಂದ ಕೂಡಲೇ ಮೂಗಿನ ಲೋಳೆ ಒರೆಸಿ, ತಾಯಿಯ ಕೆಚ್ಚಲಿಗೆ ಅದರ ಬಾಯಿ ಹಿಡಿದು, ಗಿಣ್ಣ ಇಳಿದದ್ದು ಖಾತ್ರಿಯಾದ ಮೇಲೆಯೇ ತಾನು ನೀರು ಕುಡಿಯುತ್ತಿದ್ದ. ನಮ್ಮಲ್ಲಿ ಅದೊಂದು ಕಟ್ಟುನಿಟ್ಟು. ಮರಿಯ ಹೊಟ್ಟೆಗೆ ಗಿಣ್ಣ ಬೀಳದೆ ಕುರುಬನ ಗಂಟಲಿಗೆ ನೀರು ಇಳಿಯಬಾರದು.

ನಾನು ಪಶುಸಂಗೋಪನೆಯ ಡಿಪ್ಲೊಮಾ ಮುಗಿಸಿ, ರೇಸ್ ನಡೆಯುವ ದೊಡ್ಡ ಊರೊಂದರಲ್ಲಿ ಒಂದು ವರ್ಷದ ಅಶ್ವವಿಜ್ಞಾನದ ಕೋರ್ಸಿಗೆ ಸೇರಿದೆ. ಊರವರಿಗೆ ಅದು ತಮಾಷೆಯಾಯಿತು. "ಕುರಿ ಕಾಯೋದು ಬಿಟ್ಟು ಕುದುರಿ ಕಾಯಾಕ ಓದಬೇಕೇನಲೇ?" ಎಂದು ಛೇಡಿಸಿದರು. ನಾನಾಗ ಕಾಲರ್ ಎತ್ತಿಕೊಂಡು ತಿರುಗುವ ವಯಸ್ಸಿನವನು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಹೊಟ್ಟೆಶೂಲೆ ಬಂದರೆ ಜೀವಕ್ಕೇ ಕುತ್ತು ಎನ್ನುವುದನ್ನು ಮೊದಲ ವಾರ ಕಲಿತೆ. ರಜೆಗೆ ಬಂದವನು ಅದನ್ನು ಊರ ಕಟ್ಟೆಯ ಮೇಲೆ ಕೂತು ಇಂಗ್ಲಿಷ್ ಪದ ಬೆರೆಸಿ ಬಡಾಯಿ ಕೊಚ್ಚಿದೆ. ಅಣ್ಣ ದೂರದಲ್ಲಿ ನಿಂತು ಬಾಯಿಬಿಟ್ಟುಕೊಂಡು ಕೇಳಿದ. ಅರ್ಥವಾದದ್ದು ಎಷ್ಟೋ, ಆದರೆ ಅವನ ಕಣ್ಣಲ್ಲಿ ನೀರಿತ್ತು.

ಮೊದಲ ಕೆಲಸ ಪುಣೆಯ ಕಡೆ, ರೇಸ್ ಕುದುರೆಯ ಮರಿ ಮಾಡಿಸುವ ಒಂದು ಸ್ಟಡ್ ಫಾರ್ಮಿನಲ್ಲಿ ಸಿಕ್ಕಿತು. ಅಲ್ಲಿಯ ಮೇಲಧಿಕಾರಿ ಕುದುರೆ ದಳದಿಂದ ನಿವೃತ್ತರಾದ ರಿಸಾಲ್ದಾರ್ ಸಾಹೇಬರು. ಅವರ ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಬೆಳಗಿನ ಜಾವಕ್ಕೆ ಲಾಯಕ್ಕೆ ಬಂದು, ಪ್ರತಿ ಕುದುರೆಯ ನಾಲ್ಕೂ ಕಾಲನ್ನು ಮುಟ್ಟಿ ನೋಡಿದ ಮೇಲೆಯೇ ಸಲಾಮಿಗೆ ಉತ್ತರ ಕೊಡುವ ಮನುಷ್ಯ. ನನ್ನ ಸರ್ಟಿಫಿಕೇಟು ತೋರಿಸಿದಾಗ ಅದನ್ನು ತಿರುಗಿಸಿ ಹಿಂಬದಿ ನೋಡಿ, "ಇದರಲ್ಲಿ ಲದ್ದಿಯ ವಾಸನೆ ಇಲ್ಲವಲ್ಲ" ಅಂದರು.

ಮೊದಲ ತಿಂಗಳಿನಲ್ಲೇ ನಾನು ಮಾಡಿದ ಘನಕಾರ್ಯ ಕೇಳಿ. ಕುದುರೆಗೆ ಜ್ವರ ನೋಡುವಾಗ ಥರ್ಮಾಮೀಟರಿಗೆ ದಾರ ಕಟ್ಟಿ, ದಾರದ ತುದಿಯ ಚಿಮುಟವನ್ನು ಬಾಲದ ಕೂದಲಿಗೆ ಸಿಕ್ಕಿಸಬೇಕು. ದಾರವಿಲ್ಲದೆ ಹಿಂಬದಿಯಿಂದ ತೂರಿಸಿದೆ. ಕುದುರೆ ಒಮ್ಮೆ ಉಸಿರೆಳೆದುಕೊಂಡಿತು, ಥರ್ಮಾಮೀಟರ್ ಒಳಗೇ ಮಾಯ. ರಿಸಾಲ್ದಾರರು ಬೈಯಲಿಲ್ಲ. ಅವತ್ತು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಆ ಕುದುರೆಯ ಹಿಂದೆ ಬುಟ್ಟಿ ಹಿಡಿದು ನಿಲ್ಲಿಸಿದರು. ಕೊನೆಗೂ ಲದ್ದಿಯ ಜೊತೆ ಅದು ಹೊರಗೆ ಬಂತು, ಒಡೆದಿರಲಿಲ್ಲ. ಅದನ್ನು ನನ್ನ ಕೈಯಲ್ಲೇ ತೊಳೆಸಿ, ಯಾವ ಕೆಲಸವನ್ನಾದರೂ ಅದರ ಕಾರಣ ಸಮೇತ ಹೇಳಿಕೊಡುವುದು ದೊಡ್ಡವನ ಕರ್ತವ್ಯ, ನಿನಗೆ ದಾರದ ಕಾರಣ ಹೇಳದಿದ್ದದ್ದು ನನ್ನ ತಪ್ಪು ಎಂದು ತಾವೇ ಕೈಮುಗಿದರು. ನನಗೆ ನಾಚಿಕೆಯಾಯಿತೇ ಹೊರತು ಆ ಮಾತು ತಲೆಗೆ ಹೋಗಲಿಲ್ಲ.

ಹೊಸಬರು ತಿಳಿಯಬೇಕಾದ ಒಂದೆರಡು ವಿಚಿತ್ರಗಳಿವೆ. ಹಸು ಎಮ್ಮೆಗಳಿಗೆ ಇಂಜೆಕ್ಷನ್ ಗರ್ಭ ನಮ್ಮ ಹಳ್ಳಿಗಳಲ್ಲೂ ಸಾಮಾನ್ಯ, ಆದರೆ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗೆ ಅದು ಸಲ್ಲದು. ಗಂಡನ್ನೂ ಹೆಣ್ಣನ್ನೂ ಒಂದೆಡೆ ತಂದೇ ಕೂಡಿಸಬೇಕು, ಇಲ್ಲದಿದ್ದರೆ ಹುಟ್ಟಿದ ಮರಿಗೆ ವಂಶದ ಕಾಗದವೇ ಆಗುವುದಿಲ್ಲ. ಯಾವ ತಿಂಗಳಲ್ಲಿ ಹುಟ್ಟಿದರೂ ಮರಿಯ ವಯಸ್ಸು ಏರುವುದು ಜನವರಿ ಒಂದಕ್ಕೆ. ಡಿಸೆಂಬರ್ ಕೊನೆಗೆ ಹುಟ್ಟಿದ ಮರಿ ನಾಲ್ಕು ದಿನದಲ್ಲೇ ಲೆಕ್ಕಕ್ಕೆ ಒಂದು ವರ್ಷದ್ದಾಗಿ, ಎಳೆಗಾಲಲ್ಲೇ ದೊಡ್ಡವರ ಜೊತೆ ಓಡಬೇಕಾದೀತು. ಆದ್ದರಿಂದ ಗಂಡು ಕೂಡಿಸುವ ದಿನವನ್ನೂ ಪಂಚಾಂಗ ನೋಡಿದಷ್ಟೇ ಜಾಗ್ರತೆಯಿಂದ ನೋಡುತ್ತಿದ್ದೆವು.

ಇನ್ನೊಂದು, ಸುಳಿ. ನಮ್ಮ ಕಡೆ ಕುದುರೆಯ ಹಣೆಯ ಸುಳಿ, ಕತ್ತಿನ ಸುಳಿ ನೋಡಿ ಮನೆಗೆ ಬರುವ ಒಳಿತು ಕೆಡುಕು ಹೇಳುತ್ತಾರೆ. ನಾನು ಅದೇ ಸುಳಿಗಳನ್ನು ಚಿತ್ರದ ಹಾಳೆಯ ಮೇಲೆ ಗುರುತು ಹಾಕುತ್ತಿದ್ದೆ, ಈ ಕುದುರೆ ಇದೇ ಎಂದು ಗೊತ್ತುಮಾಡಲು. ಈಗ ಕತ್ತಿನೊಳಗೆ ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ ಹಾಕುತ್ತಾರೆ, ಯಂತ್ರ ಹಿಡಿದರೆ ನಂಬರು ಬರುತ್ತದೆ. ಮೊದಲು ಭುಜದವರೆಗೆ ಕೈ ಹಾಕಿ ಗರ್ಭ ನೋಡುತ್ತಿದ್ದೆವು, ಈಗ ಪರದೆಯ ಮೇಲೆ ಹದಿನೈದು ದಿನದ ಗರ್ಭವೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಹಳೆಯದೇ ಚೆಂದವಿತ್ತು ಎಂದು ಗೋಳಾಡುವ ಮುದುಕ ನಾನಲ್ಲ.

ನನ್ನ ಕಥೆ ಕೆಟ್ಟದ್ದು ನಾನು ನಮ್ಮ ಸೀಮೆಗೇ ವಾಪಸು ಬಂದ ಮೇಲೆ. ಮಸ್ಕಿಗೂ ಲಿಂಗಸುಗೂರಿಗೂ ನಡುವೆ, ರಸ್ತೆಯಿಂದ ಒಳಗೆ, ಕುದುರೆಯ ಹುಚ್ಚಿದ್ದ ಒಬ್ಬ ಜಮೀನ್ದಾರರು ಸಣ್ಣದೊಂದು ಸ್ಟಡ್ ಫಾರ್ಮ್ ಮಾಡಿದರು. ಎಲ್ಲರಿಗೂ ಅವರು ಧಣಿ. ಒಂಬತ್ತು ಹೆಣ್ಣು ಕುದುರೆ, ಒಂದು ಗಂಡು. ಮಸಾರಿಯ ಕೆಂಪು ಮರಳುನೆಲವಾದ್ದರಿಂದ ಗೊರಸಿಗೆ ಒಳ್ಳೆಯದಿತ್ತು. ಹಸಿ ಮೇವಿಗೆ ಕುದುರೆಮೆಂತ್ಯ ತುರ್ವಿಹಾಳದ ಕಾಲುವೆ ಹೊಲಗಳಿಂದ ಟಂಟಂ ಆಟೋದಲ್ಲಿ ಬರುತ್ತಿತ್ತು. ನನ್ನನ್ನು ಮೇಲ್ವಿಚಾರಕನಾಗಿ ಕರೆದರು. ಕುದುರೆ ನೋಡಿಕೊಳ್ಳುವ ಸೈಸ್‌ಗಳು ಬೇಕೆಂದಾಗ ನಾನು ನಮ್ಮಣ್ಣನನ್ನು ಕರೆತಂದೆ. ಹಿಂಡನ್ನು ಅತ್ತಿಗೆ ದುರುಗವ್ವನೂ ಅವಳ ತಮ್ಮನೂ ನೋಡಿಕೊಳ್ಳುವುದೆಂದಾಯಿತು. ಅಣ್ಣನಿಗೆ ಬಿಸಿಲು ತಪ್ಪಿಸಿದೆ ಎಂದು ನನಗೆ ಒಳಗೊಳಗೇ ಖುಷಿ.

ಆರು ತಿಂಗಳಲ್ಲಿ ಲಾಯವೆಲ್ಲ ಅವನದಾಯಿತು. ಕಚ್ಚುವ ಕುದುರೆಯೂ ಅವನ ಕಂಬಳಿಗೆ ಮೂಗು ತುರುಕಿ ನಿಲ್ಲುತ್ತಿತ್ತು. ಒಮ್ಮೆ ಒಂದು ಕುದುರೆ ಈಯುವಾಗ ಮರಿಯ ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ವೈದ್ಯರು ಇನ್ನೂ ದಾರಿಯಲ್ಲಿದ್ದರು. ಕುದುರೆ ಈಯುವುದು ಕುರಿಯಂತೆ ನಿಧಾನದ ಬಾಬತ್ತಲ್ಲ, ಅರ್ಧ ತಾಸು ತಡವಾದರೆ ಮರಿ ಇಲ್ಲ. ನಾನು ಪುಸ್ತಕದ ಚಿತ್ರ ನೆನಪು ಮಾಡಿಕೊಳ್ಳುತ್ತ ನಿಂತಿದ್ದೆ. ಅಣ್ಣ ಅಂಗಿ ಬಿಚ್ಚಿ, ತೋಳಿಗೆ ಎಣ್ಣೆ ಸವರಿಕೊಂಡು ಕೈ ಹಾಕಿದ. "ಮೊಣಕಾಲು ಸಿಕ್ತು. ತಡಿ, ಗೊರಸು ಮುಚ್ಚಿಕೊಂಡು ತರ್ತೀನಿ, ಇಲ್ಲಾಂದ್ರ ಗರ್ಭದ ಚೀಲ ಹರಿತೈತಿ" ಎನ್ನುತ್ತ ಅಂಗೈಯಲ್ಲಿ ಆ ಎಳೆಯ ಗೊರಸನ್ನು ಮುಚ್ಚಿ ಕಾಲನ್ನು ಮುಂದಕ್ಕೆ ತಂದ. ಮರಿ ಬದುಕಿತು.

ಧಣಿ ಮಾರನೆಯ ದಿನ ಎಲ್ಲರ ಮುಂದೆ ಅಣ್ಣನ ಬೆನ್ನು ತಟ್ಟಿದರು. "ಏನಪಾ ಮಲ್ಲಪ್ಪ, ಓದಿದ ನೀ ನಿಂತು ನೋಡಿದಿ, ಓದದಾಂವ ಮರಿ ತಗದ. ನಿನ್ನ ಪಗಾರ ಇಂವಗ ಕೊಡಬೇಕೇನು ಹಂಗಾರ?" ಎಂದು ನಕ್ಕರು. ಎಲ್ಲರೂ ನಕ್ಕರು, ಅಣ್ಣನೂ. ಅವನ ನಗುವಿನಲ್ಲಿ ಹೆಮ್ಮೆ ಇದ್ದದ್ದು ನನ್ನ ಬಗ್ಗೆಯೇ. ನನಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿಯಿತು. ಅಂದಿನಿಂದ ಅವನಿಗೆ ನಾನು ಯಾವುದನ್ನೂ ವಿವರಿಸಿ ಹೇಳುವುದನ್ನು ನಿಲ್ಲಿಸಿದೆ. ಮಾಡು ಎನ್ನುವುದು, ಬೇಡ ಎನ್ನುವುದು, ಅಷ್ಟೇ. ಕಾರಣವಾದರೂ ನನ್ನೊಬ್ಬನ ಹತ್ತಿರ ಇರಲಿ ಎಂಬ ಸಣ್ಣತನ.

ನಮ್ಮಲ್ಲಿ ಒಂದು ಬೂದುಬಣ್ಣದ ಹೆಣ್ಣು ಕುದುರೆಯಿತ್ತು. ಕಾಗದದಲ್ಲಿ ಉದ್ದನೆಯ ಇಂಗ್ಲಿಷ್ ಹೆಸರು, ನಮಗೆಲ್ಲ ಗೌರಿ. ಗುಣದಲ್ಲೂ ಹಾಗೆಯೇ ಸಾಧು. ಆ ವರ್ಷ ಅದರ ಮರಿ ಗುಂಡಗೆ ಹುಟ್ಟಿ, ಕುಣಿದಾಡಿ, ಎರಡನೇ ದಿನ ಮಂಕಾಗಿ, ಕಣ್ಣು ಅರಿಶಿನವಾಗಿ ಮೂರನೇ ದಿನ ಸತ್ತುಹೋಯಿತು. ರಕ್ತ ಪರೀಕ್ಷೆಗೆ ಹೋಯಿತು. ದೊಡ್ಡ ವೈದ್ಯರು ಫೋನಿನಲ್ಲಿ ನನಗೆ ಎಲ್ಲ ತಿಳಿಸಿದರು. ಗೌರಿಯ ರಕ್ತಕ್ಕೂ ಮರಿಗೆ ತಂದೆಯ ಕಡೆಯಿಂದ ಬಂದ ರಕ್ತಕ್ಕೂ ಹೊಂದಿಕೆ ಇಲ್ಲ. ಗೌರಿಯ ಗಿಣ್ಣದಲ್ಲಿ ಬರುವ ಅಂಶವೊಂದು ಮರಿಯ ರಕ್ತವನ್ನೇ ಒಡೆಯುತ್ತದೆ. ಮುಂದಿನ ಸಲ ಎರಡು ದಿನ ಮರಿಯ ಬಾಯಿಗೆ ಕುಕ್ಕೆ ಹಾಕಿ ತಾಯಿಯ ಮೊಲೆ ಕುಡಿಯಲು ಬಿಡಬೇಡಿ, ಬೇರೆ ಕುದುರೆಯ ಗಿಣ್ಣ ಬಾಟಲಿಯಲ್ಲಿ ಕುಡಿಸಿ, ಗೌರಿಯ ಗಿಣ್ಣ ಹಿಂಡಿ ಚೆಲ್ಲಿ, ಮೂರನೇ ದಿನದಿಂದ ಅದೇ ಹಾಲು ಅಮೃತ. ಇದು ಬಲು ಅಪರೂಪ, ಗೊತ್ತಿದ್ದರೆ ಸುಲಭವಾಗಿ ತಪ್ಪಿಸಬಹುದು ಎಂದರು. ನಾನು ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಗೌರಿಗೆ ನೀರು ಕುಡಿಸುತ್ತ ಅಲ್ಲೇ ನಿಂತಿದ್ದ ಅಣ್ಣ "ಡಾಕ್ಟ್ರು ಏನಂದ್ರು?" ಎಂದು ಕೇಳಿದ. "ಏನೋ ರಕ್ತದ್ದು" ಅಂದೆ.

ಮರುವರ್ಷ ಗೌರಿ ಮತ್ತೆ ಗಬ್ಬವಾಯಿತು. ಮೊದಲೇ ಈದ ಇನ್ನೊಂದು ಕುದುರೆಯ ಗಿಣ್ಣವನ್ನು ಬಾಟಲಿಗಳಲ್ಲಿ ಹಿಡಿದು ಫ್ರೀಜರಿನಲ್ಲಿಟ್ಟೆ. ಕರೆಂಟು ಹೋದೀತೆಂದು ಮಸ್ಕಿಯಿಂದ ಐಸ್ ತರಿಸಿಡುತ್ತಿದ್ದೆ. ಕಣದಲ್ಲಿ ಹಂತಿ ತುಳಿಸುವಾಗ ಎತ್ತಿನ ಬಾಯಿಗೆ ಹಾಕುವಂಥ ಕುಕ್ಕೆಯನ್ನೇ ಸಣ್ಣದಾಗಿ, ಮೆತ್ತಗೆ ಹೆಣೆಸಿಟ್ಟೆ. ನನ್ನ ತಯಾರಿಯಲ್ಲಿ ಒಂದು ಕೂದಲೆಳೆಯ ಕೊರತೆಯೂ ಇರಲಿಲ್ಲ, ಅಣ್ಣನಿಗೆ ಕಾರಣ ಹೇಳುವುದೊಂದನ್ನು ಬಿಟ್ಟರೆ.

ಆ ದಿನಗಳಲ್ಲೇ ಸಿಂಧನೂರಿನ ಒಂದು ಕಾಲೇಜಿನವರು ಭಾಷಣಕ್ಕೆ ಕರೆದಿದ್ದರು. ಕುದುರೆಯ ವಿದ್ಯೆ ಓದಿ ಬದುಕು ಕಟ್ಟಿಕೊಳ್ಳುವುದು ಹೇಗೆ ಎಂದು ಮಕ್ಕಳಿಗೆ ಹೇಳಬೇಕಿತ್ತು. ಆ ದಿನ ಬೆಳಗ್ಗೆ ಹೊರಡುವ ಹೊತ್ತಿಗೇ ಗೌರಿ ಈಯಿತು. ತಾಯಿಯ ಬೂದುಬಣ್ಣ ಬೆರೆತ ಕಪ್ಪು ಹೆಣ್ಣುಮರಿ, ಹಣೆಯಲ್ಲಿ ಬಿಳಿ ಚುಕ್ಕೆ. ಮೊದಲ ಬಾಟಲಿ ನಾನೇ ಕುಡಿಸಿ, ಕುಕ್ಕೆ ಹಾಕಿದೆ. ಹೋಗಬಾರದಿತ್ತು. ಆದರೆ ಇಸ್ತ್ರಿ ಮಾಡಿದ ಅಂಗಿ ಗೋಡೆಗೆ ತೂಗುತ್ತಿತ್ತು, ನನ್ನ ಹೆಸರು ಆಮಂತ್ರಣದಲ್ಲಿ ಅಚ್ಚಾಗಿತ್ತು.

ಅಣ್ಣನನ್ನು ಕರೆದು ಹೇಳಿದೆ. "ಎರಡು ತಾಸಿಗೊಮ್ಮೆ ಒಂದೊಂದು ಬಾಟ್ಲಿ ಬಿಸಿನೀರಾಗ ಇಟ್ಟು ಕುಡಸು. ಗೌರಿ ಗಿಣ್ಣ ಹಿಂಡಿ ಚೆಲ್ಲು. ಬಾಟ್ಲಿ ಕುಡಿಸೂ ಹೊತ್ತು ಬಿಟ್ರ ಕುಕ್ಕಿ ಮಾತ್ರ ತೆಗೀಬ್ಯಾಡ."

ಅವನಿಗೆ ಗಾಬರಿಯಾಯಿತು. "ಗಿಣ್ಣಾ ಮಣ್ಣಿಗೆ ಚೆಲ್ಲೂದಾ? ತಾಯಿ ಮುಂದ ನಿಂತೈತಿ, ಕೆಚ್ಚಲು ತುಂಬಿ ಸೋರಾಕತ್ತೈತಿ, ಕೂಸಿನ ಬಾಯಿ ಕಟ್ಟಂತಿಯಲ್ಲೋ. ಯಾಕ ತಮ್ಮಾ?"

"ಯಾಕಂತ ಕೇಳಬ್ಯಾಡ ಯಣ್ಣಾ. ಹೇಳಿದಷ್ಟು ಮಾಡು" ಎಂದು ಬಸ್ಸಿಗೆ ಓಡಿದೆ.

ಸಿಂಧನೂರಿನ ಆ ಸಭಾಂಗಣ ತುಂಬಿತ್ತು. ಅಶ್ವವಿಜ್ಞಾನದಲ್ಲಿ ಎಂಥ ಸೂಕ್ಷ್ಮಗಳಿವೆ ಎಂದು ತೋರಿಸಲು ನಾನು ಆರಿಸಿಕೊಂಡದ್ದು, ಬೇರೇನೂ ಅಲ್ಲ, ಗೌರಿಯ ಗಿಣ್ಣವನ್ನೇ. ಬೋರ್ಡಿನ ಮೇಲೆ ತಾಯಿ, ತಂದೆ, ಮರಿಯ ಚಿತ್ರ ಬರೆದೆ. ರಕ್ತದ ಕಣಗಳಿಗೆ ಎರಡು ಬಣ್ಣದ ಸೀಮೆಸುಣ್ಣ ಬಳಸಿದೆ. ಗುರುತು ಪರಿಚಯವಿಲ್ಲದ ಅಷ್ಟೊಂದು ಮಕ್ಕಳಿಗೆ ಎಳೆಎಳೆಯಾಗಿ ಬಿಡಿಸಿ ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಕುರಿ, ಎಮ್ಮಿಗೂ ಹಿಂಗ ಆಗತೈತೇನ್ರೀ?" ಎಂದು ಕೇಳಿದಳು. "ಇಲ್ಲಮ್ಮ, ಕುರಿ ಎಮ್ಮೆಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಗಿಣ್ಣ ತಪ್ಪಿಸಿದರೇ ಮರಿ ಸಾಯುತ್ತದೆ" ಎಂದು ಉತ್ತರಿಸಿದೆ. ಚಪ್ಪಾಳೆಯಾಯಿತು. ಹಾರ ಹಾಕಿದರು.

ಸಂಜೆ ಫಾರ್ಮಿಗೆ ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ಮುಖ ಅರಳಿತ್ತು. "ಕೂಸು ತಣ್ಣಗ ಮಲಗೈತಿ ನೋಡು" ಅಂದ. ಕುಕ್ಕೆ ಗೂಟಕ್ಕೆ ನೇತುಹಾಕಿತ್ತು. ಮರಿಯ ಮೂತಿಯ ಸುತ್ತ ಹಳದಿ ಗಿಣ್ಣ ಒಣಗಿ ಅಂಟಿತ್ತು.

"ಯಾಕ ತಗದಿ?" ಎಂದು ಕಿರುಚಿದೆ.

"ಬಾಟ್ಲಿ ಕುಡಿವಲ್ತು ತಮ್ಮಾ. ಗ್ವಾಡಿಗೆ ತಲಿ ಬಡಕಣಾಕತ್ತಿತ್ತು. ಗೌರಿ ಕಣ್ಣಾಗ ನೀರು. ನನಗ ಬೆಳಗ್ಗಿನಿಂದ ನೀರು ಗಂಟಲಾಗ ಇಳಿದಿಲ್ಲ. ತಾಯಿ ಹಾಲು ಕೂಸಿಗೆ ಕೇಡು ಮಾಡತೈತೇನು? ನೀ ಗಡಿಬಿಡ್ಯಾಗ ಏನೋ ತಪ್ಪು ಹೇಳಿರಬೇಕು ಅಂದ್ಕಂಡೆ."

ನಾನು ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತೆ. ವೈದ್ಯರು ಮಾರನೆಯ ದಿನ ಬಂದರು. ಅಷ್ಟರಲ್ಲಿ ಮರಿಯ ಕಣ್ಣು ಹಳದಿಯಾಗಿ ಉಚ್ಚೆ ಕೆಂಪಾಗಿತ್ತು. ರಕ್ತ ಕೊಟ್ಟು ನೋಡಿದರು, ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಣ್ಣನ ತೊಡೆಯ ಮೇಲೆ ತಲೆಯಿಟ್ಟು ಅದು ಸತ್ತಿತು. ಗೌರಿ ಅದನ್ನು ಮೂಸಿ ಮೂಸಿ ಎಬ್ಬಿಸಲು ನೋಡುತ್ತಿತ್ತು. ಅಣ್ಣ ಗಂಡಸು ಅಳುವ ಹಾಗೆ ಅಳಲಿಲ್ಲ, ಹೆಂಗಸರ ಹಾಗೆ ಬಾಯಿಬಿಟ್ಟು ಅತ್ತ.

ಧಣಿ ಬಂದು ಕೇಳಿದರು. "ಯಾರು ಬಿಟ್ಟಾರ ಇದನ್ನ ಕುಡ್ಯಾಕ?"

"ಸೈಸ್ ಬಿಟ್ಟಾನ್ರೀ. ನಾ ಬ್ಯಾಡಂತ ಹೇಳಿ ಹೋಗಿದ್ದೆ" ಎಂದೆ. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇಲ್ಲ. ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಇನ್ನೊಮ್ಮೆ ಹೇಳಿಲ್ಲ. ನಮ್ಮಣ್ಣ ಎನ್ನಲಿಲ್ಲ, ಸೈಸ್ ಅಂದೆ. ಕಾರಣ ಹೇಳಿರಲಿಲ್ಲ ಎನ್ನುವುದನ್ನು ನುಂಗಿದೆ. ಅಣ್ಣ ನನ್ನ ಮುಖ ನೋಡಿದ. ಅವನೂ ಅದನ್ನು ಹೇಳಬಹುದಿತ್ತು. "ಹೌದ್ರೀ ಧಣಿ. ನಂದ ತಪ್ಪು" ಎಂದು ಕೈಮುಗಿದು ನಿಂತ. ಅವತ್ತೇ ಅವನನ್ನು ಮನೆಗೆ ಕಳಿಸಿದರು.

ರಸ್ತೆಯವರೆಗೆ ನಾನೇ ಬಿಡಲು ಹೋದೆ. ಮಸ್ಕಿ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇವಿನ ಮರದ ಕೆಳಗೆ ಇಬ್ಬರೂ ಕೂತೆವು. ಅಣ್ಣ ಕೇಳಿದ. "ತಮ್ಮಾ, ಗಿಣ್ಣದಾಗ ವಿಷ ಇರ್ತೈತೇನೋ?"

ಅವನ ಕಣ್ಣು ನೋಡಲು ನನಗೆ ಆಗುತ್ತಿರಲಿಲ್ಲ. ನಾಚಿಕೆಯೇ ಸಿಟ್ಟಾಗಿ ಬಾಯಿಗೆ ಬಂತು. "ಇರ್ತೈತಿ."

"ಹೋದ ವರ್ಷದ ಮರಿನೂ ಅದಕ್ಕ ಸತ್ತಿತ್ತಾ?"

"ಹೂಂ. ಒಮ್ಮಿ ಮರಿ ಸತ್ತ ತಾಯಿದು ಹಂಗಾ ಇರ್ತೈತಿ. ಅದೆಲ್ಲ ನಿನಗ ತಿಳ್ಯಂಗಿಲ್ಲ, ಬಿಡು."

ಅವನು ತಲೆಯಾಡಿಸಿದ. ಆಮೇಲೆ ಬಸ್ಸು ಬಂತು.

ಆ ಮಳೆಗಾಲದಲ್ಲೇ ನಾನು ಕೆಲಸ ಬಿಟ್ಟು ಮತ್ತೆ ಪುಣೆಯ ಕಡೆ ಹೋದೆ. ಅಲ್ಲಿ ಹತ್ತಕ್ಕಿಂತ ಹೆಚ್ಚು ವರ್ಷ ಕಳೆದವು. ಕೈಕೆಳಗಿನ ಹುಡುಗರಿಗೆ ಪ್ರತಿಯೊಂದರ ಕಾರಣವನ್ನೂ ತಲೆ ಚಿಟ್ಟುಹಿಡಿಯುವಷ್ಟು ಹೇಳುತ್ತಿದ್ದೆ. ಒಳ್ಳೆಯ ಮೇಷ್ಟ್ರು ಎಂಬ ಹೆಸರೂ ಬಂತು. ಊರಿಗೆ ಬರುತ್ತಿದ್ದದ್ದು ಮದುವೆಗೋ ಮಣ್ಣಿಗೋ, ಬಂದರೂ ಅದೇ ದಿನ ಹೊರಡುತ್ತಿದ್ದೆ. ಅಣ್ಣನ ಮುಂದೆ ಕುದುರೆಯ ಮಾತು ತೆಗೆಯುತ್ತಿರಲಿಲ್ಲ. ಅವನ ಹಿಂಡು ಸಣ್ಣದಾಗುತ್ತಿದೆ ಎಂದು ಯಾರೋ ಹೇಳಿದಾಗ ಮೇವಿನ ತೊಂದರೆಯಿರಬೇಕು ಎಂದುಕೊಂಡೆ.

ನಿವೃತ್ತನಾಗಿ ಮಸ್ಕಿಯಲ್ಲಿ ಮನೆ ಮಾಡಿದ ವಾರಕ್ಕೇ ಪಾಮನಕಲ್ಲೂರಿಗೆ ಹೋದೆ. ಬೆಳಗಿನ ಹೊತ್ತು. ಅತ್ತಿಗೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಂದು ಕಾಲಕ್ಕೆ ಎಂಬತ್ತು ಕುರಿ ನಿಲ್ಲುತ್ತಿದ್ದ ಹಟ್ಟಿಯಲ್ಲಿ ಹನ್ನೊಂದು ನಿಂತಿದ್ದವು.

"ಏನಾತು ಯಕ್ಕಾ? ಬ್ಯಾನಿ ಗೀನಿ ಬಂದಿತ್ತೇನು?"

"ಯಾವ ಬ್ಯಾನಿನೂ ಇಲ್ಲಪಾ. ಮರಿ ನಿಲ್ಲವಲ್ಲವು. ನಿಮ್ಮಣ್ಣನ ಕೈಗುಣ ಹೋತಂತ ಊರಾಗ ಮಂದಿ ಅಂತಾರ. ಈಗ ಯಾರೂ ಕರ್ಯಾಕ ಬರಂಗಿಲ್ಲ. ಅಕಾ, ಅಲ್ಲಿ ಹಿಂದ ಅದಾನ ನೋಡು."

ಹಿತ್ತಲಿಗೆ ಹೋದೆ. ಆಗಷ್ಟೇ ಈದ ಕುರಿಯ ಪಕ್ಕದಲ್ಲಿ ಅಣ್ಣ ಕುಕ್ಕರಗಾಲಲ್ಲಿ ಕೂತು ಗಿಣ್ಣ ಹಿಂಡಿ ನೆಲಕ್ಕೆ ಚೆಲ್ಲುತ್ತಿದ್ದ. ಮೈ ಇನ್ನೂ ಒದ್ದೆಯಿದ್ದ ಮರಿಯನ್ನು ಮಾರುದ್ದ ದೂರದಲ್ಲಿ ಕಟ್ಟಿದ್ದ. ಅದರ ಬಾಯಿಗೆ ಹಳೆಯ ಧೋತರದ ತುಂಡು ಬಿಗಿದಿತ್ತು.

"ಯಣ್ಣಾ, ಏನ್ ಮಾಡಾಕತ್ತಿ?"

ಅವನು ನನ್ನನ್ನು ನೋಡಿ ಮುಖವರಳಿಸಿದ. "ಬಂದ್ಯಾ ತಮ್ಮಾ? ಇದರದು ಹೋದ ವರ್ಷ ಮರಿ ಸತ್ತಿತ್ತು. ನೀ ಹೇಳಿದ್ಯಲ್ಲ, ಒಮ್ಮಿ ಮರಿ ಸತ್ತ ತಾಯಿ ಗಿಣ್ಣದಾಗ ವಿಷ ಇರ್ತೈತಿ ಅಂತ. ಅವತ್ತಿಂದ ಅಂಥಾವನ್ನ ಆರಿಸಿ ಎರಡು ದಿನ ಬಾಯಿ ಕಟ್ಟತೀನಿ, ಗಂಜಿ ಹಾಕತೀನಿ. ನಮ್ಮ ತಮ್ಮ ಓದಿ ಕಲ್ತಿದ್ದು, ನಾ ಒಂದ ಸಲನೂ ತಪ್ಪಿಸಿಲ್ಲ. ಆದರೂ ಉಳಿಯವಲ್ಲವು ನೋಡು. ವಿಷ ಹೊಟ್ಯಾಗ ಇರಬೇಕಾದ್ರನ ಏರಿರತೈತೇನೋ."

ಗಂಟು ಬಿಚ್ಚಲು ಆಗಲಿಲ್ಲ. ಹಲ್ಲಿನಿಂದ ಕಚ್ಚಿ ಬಟ್ಟೆ ಹರಿದೆ. ಮರಿಯನ್ನು ತಂದು ಕೆಚ್ಚಲಿಗೆ ಹಿಡಿದೆ. ಅಣ್ಣ ಬೇಡ ಬೇಡ ಎಂದು ನನ್ನ ರಟ್ಟೆ ಹಿಡಿದ. ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಸಿಂಧನೂರಿನ ಮಕ್ಕಳಿಗೆ ಹೇಳಿದಂತೆಯೇ, ಬೆರಳಿನಿಂದ ಮಣ್ಣಿನ ಮೇಲೆ ತಾಯಿ, ತಂದೆ, ಮರಿ ಬರೆದು ಹೇಳಿದೆ. ಗೌರಿಯ ರಕ್ತ, ಆ ಗಂಡಿನ ರಕ್ತ, ಇಬ್ಬರ ನಡುವಿನ ಹೊಂದಿಕೆ. ಇದು ಕುರಿಗೆ ಆಗುವುದಲ್ಲ ಎಂದೆ. ಗಿಣ್ಣ ಹೋಗದಿದ್ದರೆ ಮರಿಗೆ ಬದುಕುವ ಕಸುವೇ ಬರುವುದಿಲ್ಲ ಎಂದೆ. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನಿಗೆ ಪೂರಾ ತಿಳಿಯಿತು. ನನಗಿಂತ ಬೇಗ ತಿಳಿಯಿತು.

ಮರಿ ಚೀಪುವುದನ್ನು ನೋಡಿದ. ಆಮೇಲೆ ಕೇಳಿದ.

"ಹಂಗಾರ, ಇಷ್ಟು ವರ್ಷ ಸತ್ತವೆಲ್ಲ ನಾ ಬಾಯಿ ಕಟ್ಟಿದ್ದಕ್ಕ ಸತ್ತಾವಾ?"

"ಹೂಂ ಯಣ್ಣಾ."

ಅವನು ಬಯ್ಯಲಿಲ್ಲ. ಅಂಗೈಗೆ ಅಂಟಿದ್ದ ಗಿಣ್ಣವನ್ನು ಮೆಲ್ಲಗೆ ಕಂಬಳಿಗೆ ಒರೆಸಿಕೊಂಡ.

"ಅವತ್ತ ಬಸ್ಸು ಇನ್ನಾ ಬಂದಿದ್ದಿಲ್ಲಲ್ಲೋ ತಮ್ಮಾ" ಅಂದ. "ಹೇಳಾಕ ಟೈಮಿತ್ತಲ್ಲ."